ಹಿಸ್ಟೋಗ್ರಾಂನಲ್ಲಿ ಎತ್ತರವಲ್ಲ, ವಿಸ್ತೀರ್ಣ ಮುಖ್ಯ

ದತ್ತಾಂಶಗಳನ್ನು ಚಿತ್ರರೂಪದಲ್ಲಿ ತೋರಿಸಲು ಸ್ತಂಭಾಲೇಖ, ಹಿಸ್ಟೋಗ್ರಾಂ (ಆಯತ ಚಿತ್ರ) ಎರಡನ್ನೂ ಬಳಸುತ್ತೇವೆ. ಎರಡರಲ್ಲೂ ಕಂಬಗಳಿರುತ್ತವೆ. 'ಕಂಬಗಳ ನಡುವೆ ಜಾಗ ಬಿಟ್ಟರೆ ಸ್ತಂಭಾಲೇಖ, ಬಿಡದಿದ್ದರೆ ಹಿಸ್ಟೋಗ್ರಾಂ' ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದುಂಟು. ಇದು ತಪ್ಪಲ್ಲ. ಆದರೆ ಜಾಗವನ್ನು ಏಕೆ ಬಿಡುವುದಿಲ್ಲ ಎಂಬುದು ತಿಳಿಯದಿದ್ದರೆ ಚಿತ್ರವನ್ನು ತಪ್ಪಾಗಿ ಓದುವ ಸಂಭವವಿದೆ.

ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸ್ತಂಭಾಲೇಖವಿದೆ. ಸ್ಕಾಟ್ಲೆಂಡ್ ಬೇರೆ ಬೇರೆ ನಾಡುಗಳೊಡನೆ ಒಂದು ವರ್ಷ ನಡೆಸಿದ ಆಮದು-ರಫ್ತನ್ನು ಅದು ತೋರಿಸುತ್ತದೆ. ಇಲ್ಲಿ ಒಂದೊಂದು ನಾಡೂ ಪ್ರತ್ಯೇಕ. ಅವುಗಳ ಕ್ರಮ ಬದಲಿಸಿದರೂ ಅರ್ಥ ಕೆಡುವುದಿಲ್ಲ. ಸ್ತಂಭದ ಉದ್ದಕ್ಕೆ ಮಾತ್ರ ಬೆಲೆ. ಅಗಲ ಕೇವಲ ಅಂದಕ್ಕೆ.

'ಹಿಸ್ಟೋಗ್ರಾಂ' ಎಂಬ ಹೆಸರನ್ನು 1890ರ ದಶಕದಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್. ಎತ್ತರ, ತೂಕ, ಮಳೆಯ ಪ್ರಮಾಣ, ಅಂಕಗಳಂತಹ ಅಳತೆಗಳಿಗೆ ಇದು ಸೂಕ್ತ. ಇಲ್ಲಿ ಅಡ್ಡ ಅಕ್ಷವು ಒಂದು ಅಳತೆಪಟ್ಟಿ. ಒಂದು ವರ್ಗಾಂತರ ಮುಗಿದಲ್ಲೇ ಮುಂದಿನದು ಆರಂಭವಾಗುವುದರಿಂದ ಕಂಬಗಳು ತಾಗಿ ನಿಲ್ಲುತ್ತವೆ. ಎಲ್ಲಾದರೂ ಜಾಗ ಖಾಲಿ ಇದ್ದರೆ ಆ ವರ್ಗದ ಆವೃತ್ತಿ ಸೊನ್ನೆ ಎಂದರ್ಥ. ಕಂಬಗಳ ಕ್ರಮವನ್ನು ಬದಲಿಸುವಂತಿಲ್ಲ.

ಇನ್ನೂ ಮುಖ್ಯವಾದುದು ಅಗಲ. ಒಂದು ತರಗತಿಯ 60 ವಿದ್ಯಾರ್ಥಿಗಳು 100ಕ್ಕೆ ಪಡೆದ ಅಂಕಗಳು ಹೀಗಿವೆ ಎಂದುಕೊಳ್ಳೋಣ:

0–35: 14 ಮಂದಿ
35–50: 15 ಮಂದಿ
50–60: 10 ಮಂದಿ
60–85: 15 ಮಂದಿ
85–100: 6 ಮಂದಿ

(35 ಅಂಕ ಪಡೆದವರನ್ನು ಎರಡನೆಯ ವರ್ಗಕ್ಕೆ ಸೇರಿಸಿದೆ. ಉಳಿದ ಗಡಿಗಳಿಗೂ ಇದೇ ನಿಯಮ.)

ಈ ವರ್ಗಗಳ ಅಗಲ ಸಮವಾಗಿಲ್ಲ. ಮಂದಿಯ ಸಂಖ್ಯೆಯನ್ನೇ ಎತ್ತರವಾಗಿ ತೆಗೆದುಕೊಂಡರೆ ಮೊದಲ ಕಂಬದ ವಿಸ್ತೀರ್ಣ 35 × 14 = 490. ಎಲ್ಲ ಕಂಬಗಳ ಒಟ್ಟು ವಿಸ್ತೀರ್ಣ 1280. ಅಂದರೆ ಚಿತ್ರದ ಶೇಕಡ 38ರಷ್ಟು ಭಾಗವನ್ನು 35ಕ್ಕಿಂತ ಕಡಿಮೆ ಅಂಕದವರೇ ಆಕ್ರಮಿಸುತ್ತಾರೆ! ವಾಸ್ತವವಾಗಿ ಅವರು 60ರಲ್ಲಿ 14, ಸುಮಾರು ಶೇಕಡ 23 ಮಾತ್ರ. ಲೆಕ್ಕ ಸರಿಯಿದ್ದರೂ ಚಿತ್ರ ಸುಳ್ಳು ಹೇಳುತ್ತದೆ. ತರಗತಿ ಇರುವುದಕ್ಕಿಂತ ಹಿಂದುಳಿದಂತೆ ಕಾಣುತ್ತದೆ.

ಪರಿಹಾರ ಸರಳ. ಆವೃತ್ತಿಯನ್ನು ವರ್ಗದ ಅಗಲದಿಂದ ಭಾಗಿಸಿ. ಇದಕ್ಕೆ ಆವೃತ್ತಿ ಸಾಂದ್ರತೆ ಎಂದು ಹೆಸರು. ಪ್ರತಿ 10 ಅಂಕಗಳ ಅಗಲಕ್ಕೆ ಲೆಕ್ಕ ಹಾಕಿದರೆ ಎತ್ತರಗಳು ಕ್ರಮವಾಗಿ 4, 10, 10, 6, 4 ಆಗುತ್ತವೆ. ಈಗ ಪ್ರತಿ ಕಂಬದ ವಿಸ್ತೀರ್ಣವೂ ಆ ವರ್ಗದ ಮಂದಿಯ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. 15 ಮಂದಿಯೇ ಇರುವ ಎರಡನೆಯ ಮತ್ತು ನಾಲ್ಕನೆಯ ಕಂಬಗಳ ಎತ್ತರ ಬೇರೆ ಬೇರೆ, ವಿಸ್ತೀರ್ಣ ಮಾತ್ರ ಒಂದೇ.

ಅಗಲಗಳೆಲ್ಲ ಸಮವಾಗಿದ್ದರೆ ಎತ್ತರವನ್ನು ನೋಡಿದರೆ ಸಾಕು. ಅಭ್ಯಾಸದ ಲೆಕ್ಕಗಳು ಬಹುಪಾಲು ಇಂಥವೇ ಆದ್ದರಿಂದ ಈ ಅಂಶ ವಿದ್ಯಾರ್ಥಿಗಳ ಗಮನಕ್ಕೆ ಬರುವುದಿಲ್ಲ. ಮೇಲಿನ ಎರಡೂ ಚಿತ್ರಗಳನ್ನು ಗ್ರಾಫ್ ಹಾಳೆಯಲ್ಲಿ ಬರೆಸಿ, ಚೌಕಗಳನ್ನು ಎಣಿಸಲು ಹೇಳಿ. ವ್ಯತ್ಯಾಸವನ್ನು ಅವರೇ ಕಂಡುಕೊಳ್ಳುತ್ತಾರೆ.