ದಾಖಲೆಯ ಅಂಚಿನಲ್ಲಿ ನಮ್ಮವರು

ನವೆಂಬರ್ 2ರಂದು, ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ, ಅಜ್ಜ-ಅಜ್ಜಿಯರ ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಆದರೆ ಅವರ ಒಡಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಇಂದು ಎಲ್ಲಿದ್ದಾರೆ?

ಕೇಶ್ವಾಪುರದ ಎಷ್ಟೋ ಕುಟುಂಬಗಳ ಕಥೆ ರೈಲಿನೊಂದಿಗೆ ಬೆಸೆದಿದೆ. 1880ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಆರಂಭವಾದ ಮೇಲೆ ಹಲವು ಕಡೆಯವರು ಇಲ್ಲಿಗೆ ಬಂದರು. ವರ್ಗಾವಣೆಯಾದವರು ದೂರದ ಊರುಗಳಿಗೆ ಹೋದರು. ಕ್ರಮೇಣ ಕಾಗದಗಳು ನಿಂತವು, ಸಂಬಂಧ ಕಡಿಯಿತು.

ಹುಡುಕುವುದು ಹೇಗೆ? ಮೊದಲು ಮನೆಯ ಹಿರಿಯರನ್ನು ಕೇಳಿ, ಹೆಸರು, ಊರು, ವರ್ಷ ಬರೆದಿಡಿ. ನಂತರ ಧರ್ಮಕೇಂದ್ರದ ಗುರುಗಳಲ್ಲಿ ಜ್ಞಾನಸ್ನಾನದ ದಾಖಲೆಯ ಬಗ್ಗೆ ವಿಚಾರಿಸಿ. ಅಲ್ಲಿ ತಂದೆತಾಯಿಯ, ಜ್ಞಾನ ತಂದೆತಾಯಿಯ ಹೆಸರುಗಳಿರುತ್ತವೆ. ಅಂಚಿನ ಟಿಪ್ಪಣಿಯನ್ನು ಮರೆಯಬೇಡಿ. ಮದುವೆ ಬೇರೆ ಊರಿನಲ್ಲಾದರೂ ಅದನ್ನು ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಿ ಬರೆಸಬೇಕೆಂಬ ಧರ್ಮಸಭೆಯ ನಿಯಮ 1908ರಿಂದ ಜಾರಿಯಲ್ಲಿದೆ. 1983ರ ಧರ್ಮಸಭಾ ಕಾನೂನಿನಲ್ಲೂ ಇದೆ.

ಹೀಗೆ ಅಜ್ಜನ ತಂಗಿ ಯಾವ ಊರಿನಲ್ಲಿ ಮದುವೆಯಾದಳೆಂದು ತಿಳಿಯಬಹುದು. ಆಕೆ ಅಲ್ಲೇ ನೆಲೆಸಿದ್ದರೆ, ಮಕ್ಕಳ ಜ್ಞಾನಸ್ನಾನ ಅಲ್ಲಿಯ ದಾಖಲೆಯಲ್ಲಿರಬಹುದು. ಆ ಮಕ್ಕಳ ಹೆಸರಿನ ಅಂಚು ಮುಂದಿನ ತಲೆಮಾರಿಗೆ ದಾರಿ ತೋರುತ್ತದೆ. ಟಿಪ್ಪಣಿ ಬರೆಯದೆ ಬಿಟ್ಟಿದ್ದರೆ ಮದುವೆಯ, ಮರಣದ ದಾಖಲೆಗಳು ನೆರವಾಗುತ್ತವೆ.

ಒಂದು ಎಚ್ಚರಿಕೆ: ಬದುಕಿರುವವರ ವಿಳಾಸಕ್ಕಾಗಿ ಒತ್ತಾಯಿಸಬೇಡಿ. ನಿಮ್ಮ ಪತ್ರವನ್ನು ಅವರಿಗೆ ತಲುಪಿಸುವಂತೆ ಅಲ್ಲಿಯ ಗುರುಗಳನ್ನು ಕೋರಿ. ಉತ್ತರಿಸುವುದು, ಬಿಡುವುದು ಅವರಿಗೆ ಸೇರಿದ್ದು. ಮನೆಯ ಹಳೆಯ ನೋವು ಅವರಿಗೂ ನೆನಪಿರಬಹುದು.

ಈ ನವೆಂಬರ್‌ನಲ್ಲಿ ಅಗಲಿದವರಿಗಾಗಿ ಮೇಣದಬತ್ತಿ ಹಚ್ಚೋಣ. ಇರುವವರಿಗಾಗಿ ಒಂದು ಕಾಗದ ಬರೆಯೋಣ.