ಹತ್ತು ಡಾಲರಿಗೆ ಹತ್ತರಿ

ಅಮೆರಿಕದ ಯಾವುದೇ ಸಣ್ಣ ಊರಿನಲ್ಲಿ ಶುಕ್ರವಾರ ಸಂಜೆ ತಿರುವಿನ ಕರೆಂಟು ಕಂಬಗಳನ್ನು ನೋಡುತ್ತ ಹೋಗಿ. ರಟ್ಟಿನ ಮೇಲೆ ದಪ್ಪ ಅಕ್ಷರ, ಒಂದು ಬಾಣ, ಒಂದು ಮನೆ ನಂಬರು. ಮರುದಿನ ಬೆಳಿಗ್ಗೆ ಅಲ್ಲಿ ಗರಾಜ್ ಸೇಲ್ ಎಂದು ಅರ್ಥ. ಮಕ್ಕಳಿಗೆ ಚಿಕ್ಕದಾದ ಸೈಕಲ್ಲು, ಟೋಸ್ಟರು, ಒಂದು ದಿನವೂ ಬೆವರು ಕಾಣದ ವ್ಯಾಯಾಮದ ಸಾಮಾನು ಅಂಗಳಕ್ಕೆ ಬಂದಿರುತ್ತವೆ. ಎಸ್ಟೇಟ್ ಸೇಲ್‌ನ ಜಾತಿಯೇ ಬೇರೆ. ಅಲ್ಲಿ ಮನೆಯ ಹಿರಿಯ ತೀರಿಕೊಂಡಿರುತ್ತಾನೆ, ಇಲ್ಲವೇ ವೃದ್ಧಾಶ್ರಮ ಸೇರಿರುತ್ತಾನೆ. ಮಕ್ಕಳೆಲ್ಲ ದೂರದ ರಾಜ್ಯಗಳಲ್ಲಿ. ಮಾರಾಟ ನಡೆಸಿಕೊಡಲೆಂದೇ ಇರುವ ಕಂಪನಿಯೊಂದು ಬಂದು ಚಮಚದಿಂದ ಮಂಚದವರೆಗೆ ಚೀಟಿ ಅಂಟಿಸಿ, ಮುಂಬಾಗಿಲು ತೆರೆದು, ಬಂದ ಹಣದಲ್ಲಿ ತನ್ನ ಪಾಲು ಇಟ್ಟುಕೊಳ್ಳುತ್ತದೆ. ಎಂಟು ಗಂಟೆಗೆ ಬಾಗಿಲು ಎಂದರೆ ಏಳಕ್ಕೇ ಸಾಲು. ಕೈಗೊಂದು ನಂಬರು ಕೊಟ್ಟು ಹತ್ತಿಪ್ಪತ್ತು ಮಂದಿಯಂತೆ ಒಳಗೆ ಬಿಡುತ್ತಾರೆ.

ಒಳಗೆ ಹೋದವರಲ್ಲಿ ಹೆಚ್ಚಿನವರು ಪಿಂಗಾಣಿ, ಒಡವೆ, ಕನ್ನಡಿ ಬೀರುವಿನತ್ತ ನುಗ್ಗುತ್ತಾರೆ. ಕೆಲವರು ಮಾತ್ರ ಎಡಬಲ ನೋಡದೆ ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಾರೆ. ಕೈಯಲ್ಲೊಂದು ಟಾರ್ಚು, ಜೇಬಿನಲ್ಲಿ ಚಿಲ್ಲರೆ ನೋಟು. ಹಳೆಯ ಕೈ ಉಪಕರಣಗಳ ಬೇಟೆಯವರು ಇವರೇ.

ಆ ನೆಲಮಾಳಿಗೆಗಳು ಒಂದನ್ನೊಂದು ಹೋಲುವುದು ಅಚ್ಚರಿ. ಗೋಡೆಗೆ ತೂತುತೂತಿನ ಹಲಗೆ, ಅದರ ಮೇಲೆ ಪ್ರತಿ ಉಪಕರಣದ ಆಕಾರವನ್ನು ಬಣ್ಣದಲ್ಲಿ ಬರೆದಿರುತ್ತಾರೆ, ಸುತ್ತಿಗೆ ತೆಗೆದರೆ ಸುತ್ತಿಗೆಯ ನೆರಳು ಉಳಿಯುವ ಹಾಗೆ. ಅಟ್ಟಣಿಗೆಯ ಅಡಿಗೆ ಮಗುವಿನ ಆಹಾರದ ಗಾಜಿನ ಶೀಶೆಗಳ ಮುಚ್ಚಳಗಳನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ಶೀಶೆಯನ್ನು ತಿರುವಿದರೆ ಕೈಗೆ ಬರುತ್ತದೆ, ಒಳಗೆ ಅಳತೆವಾರು ವಿಂಗಡಿಸಿದ ತಿರುಪು. ಕಾಫಿ ಡಬ್ಬಿಗಳ ತುಂಬ ಬಾಗಿದ ಮೊಳೆಗಳು, ಎಂದಾದರೂ ನೆಟ್ಟಗೆ ಮಾಡಿ ಬಳಸೋಣ ಎಂದು. ಎರಡನೇ ಮಹಾಯುದ್ಧ ಮುಗಿಸಿ ಬಂದು ಉಪನಗರದಲ್ಲಿ ಮನೆ ಕಟ್ಟಿಕೊಂಡ ಪೀಳಿಗೆಯ ಗುರುತುಗಳಿವು. ಅವರು ತಮ್ಮ ಮನೆಯ ಕಪಾಟನ್ನು ತಾವೇ ಮಾಡಿಕೊಂಡರು, ತಂದೆಯಿಂದ ಬಂದ ಉಳಿ, ಹತ್ತರಿ, ಬೈರಿಗೆಗಳನ್ನೂ ಜೋಪಾನವಾಗಿಟ್ಟರು. ಮೊಮ್ಮಕ್ಕಳಿಗೆ ಅವು ಏನೆಂದೇ ತಿಳಿಯದು.

ಹಾಗಾಗಿಯೇ ಅಗ್ಗ. ಕಬ್ಬಿಣ ಕೆಟ್ಟಿದೆ ಎಂದಲ್ಲ, ಹಿಡಿಯುವ ಕೈ ಇಲ್ಲ ಎಂದು. ಮೇನ್ ರಾಜ್ಯದ ವಾರನ್ ಎಂಬ ಊರಿನಲ್ಲಿ ಲೀ-ನೀಲ್ಸನ್ ಎಂಬ ಕಂಪನಿಯಿದೆ. 1981ರಲ್ಲಿ ಶುರುವಾದದ್ದು, ಹಳೆಯ ಸ್ಟಾನ್ಲಿ ಹತ್ತರಿಗಳ ಮಾದರಿಯನ್ನೇ ಹಿಡಿದು ಹೊಸದಾಗಿ ಮಾಡಿ ಹೆಸರು ಗಳಿಸಿದ್ದು. ಅವರ ಹೊಸ ಹತ್ತರಿಯೊಂದಕ್ಕೆ 300 ಡಾಲರಿಗೂ ಮೇಲೆ ತೆರಬೇಕು. ನಕಲಿಗೆ ಅಷ್ಟು ಬೆಲೆ, ಅಸಲು ನೆಲಮಾಳಿಗೆಯಲ್ಲಿ ಹತ್ತು ಡಾಲರಿಗೆ ಬಿದ್ದಿರುತ್ತದೆ. ಈ ಅಂತರದಲ್ಲಿ ಉಳಿಯುವುದೆಲ್ಲ ಕಬ್ಬಿಣವನ್ನು ಓದಬಲ್ಲವನ ಪಾಲು.

ಓದು ಕಲಿಯಲು ಸ್ಟಾನ್ಲಿ ಹತ್ತರಿಯೇ ಒಳ್ಳೆಯ ಪಾಠ. ಕನೆಕ್ಟಿಕಟ್‌ನ ನ್ಯೂ ಬ್ರಿಟನ್ ನಗರಕ್ಕೆ ‘ಹಾರ್ಡ್‌ವೇರ್ ಸಿಟಿ’ ಎಂದೇ ಅಡ್ಡಹೆಸರು. ಅಲ್ಲಿನ ಸ್ಟಾನ್ಲಿ ರೂಲ್ ಆ್ಯಂಡ್ ಲೆವೆಲ್ ಕಂಪನಿ 1869ರಲ್ಲಿ ಲಿಯೊನಾರ್ಡ್ ಬೈಲಿ ಎಂಬ ಜಾಣನ ವ್ಯವಹಾರವನ್ನೂ ಪೇಟೆಂಟುಗಳನ್ನೂ ಕೊಂಡಿತು. ಅದುವರೆಗೆ ಮರದ ಹತ್ತರಿಯ ಅಲಗನ್ನು ಮೇಲೆ ಕೆಳಗೆ ಮಾಡಲು ಸುತ್ತಿಗೆಯಿಂದ ತಟ್ಟಬೇಕಿತ್ತು. ನಮ್ಮ ಹಳ್ಳಿಯ ಬಡಗಿಗಳು ಇಂದಿಗೂ ತಟ್ಟುತ್ತಾರೆ, ಅದಕ್ಕೊಂದು ಕಿವಿಯೇ ಬೇಕು. ಬೈಲಿ ಅಲಗಿನ ಹಿಂದೆ ಒಂದು ಹಿತ್ತಾಳೆ ಚಕ್ರ ಕೂರಿಸಿದ. ಹತ್ತರಿ ಹಿಡಿದ ಕೈಯ ಬೆರಳಿನಿಂದಲೇ ಅದನ್ನು ತಿರುವಿದರೆ ಅಲಗು ಕೂದಲೆಳೆಯಷ್ಟು ಇಳಿಯುತ್ತದೆ. ಆತ ಮುಂದೆ ಕಂಪನಿಯೊಡನೆ ಜಗಳವಾಡಿ ಹೊರಬಿದ್ದ. ಆದರೂ 1902ರಿಂದ ಹತ್ತರಿಯ ಮೂತಿಯ ಮೇಲೆ ಎರಕದಲ್ಲೇ ಅವನ ಹೆಸರು ಮೂಡಿತು. ಜಗಳಕ್ಕಿಂತ ಹೆಸರಿನ ಮಾರುಕಟ್ಟೆ ದೊಡ್ಡದು.

ಈಗ ಒಂದನ್ನು ಕೈಗೆತ್ತಿಕೊಳ್ಳೋಣ. ಸುಮಾರು 9 ಇಂಚು ಉದ್ದ, ಅಲಗು 2 ಇಂಚು ಅಗಲ: ನಂಬರ್ 4. ಮೈತುಂಬ ಕಂದು ತುಕ್ಕು, ಬಾಯಿಯಲ್ಲಿ ಜೇಡನ ಬಲೆ. ಮೊದಲು ತಿರುವಿ ಹಾಕಿ ತಳ ನೋಡಬೇಕು. ಅಲಗು ಹೊರಬರುವ ಬಾಯಿಯ ಎರಡು ಮೂಲೆಗಳಿಂದ ಬಿರುಕು ಹೊರಟಿದೆಯೇ ಎಂದು ಟಾರ್ಚು ಓರೆ ಹಿಡಿದು ಪರೀಕ್ಷಿಸಬೇಕು. ಎರಕದ ಕಬ್ಬಿಣ ಕೆಳಗೆ ಬಿದ್ದರೆ ಸೀಳುವುದು ಅಲ್ಲೇ. ಬಿರುಕು ಕಂಡರೆ ಅಲ್ಲೇ ಇಟ್ಟು ಮುಂದೆ ನಡೆಯಿರಿ. ತಳ ಗಟ್ಟಿಯಿದ್ದರೆ, ಅಲಗನ್ನು ಬಿಗಿಹಿಡಿಯುವ ಮೇಲಿನ ಚಿಮ್ಮುಸನ್ನೆ ಎತ್ತಿ ಅದನ್ನು ಹೊರತೆಗೆಯಿರಿ. ಅಲಗು ಕೂರುವ ಇಳಿಜಾರು ದಿಮ್ಮಿಗೆ ಇವರು ಫ್ರಾಗ್ ಎನ್ನುತ್ತಾರೆ. ಅದರ ಹಿಂದೆ, ಎರಕದ ಹಾಸಿನ ಮೇಲೆ, ಪೇಟೆಂಟ್ ತಾರೀಖುಗಳಿರುತ್ತವೆ. ಮೂರು ತಾರೀಖಿದ್ದು ಮುಂದಿನ ಮರದ ಗುಬುಟು ಗಿಡ್ಡಗಿದ್ದರೆ 1910ರಿಂದ 1918ರ ನಡುವಿನದು. ಗುಬುಟು ಎತ್ತರವಾಗಿದ್ದರೆ ಅದರ ನಂತರದ್ದು. ಅಲಗಿನ ಮೇಲೆ ಹೃದಯದ ಮುದ್ರೆಯಿದ್ದರೆ 1920ರ ದಶಕದ ಆಸುಪಾಸು. ಅದು ಪ್ರೇಮದ ಗುರುತಲ್ಲ, ಸ್ಟಾನ್ಲಿ ವರ್ಕ್ಸ್‌ನ ಅಧ್ಯಕ್ಷರಾಗಿದ್ದ ವಿಲಿಯಂ ಹಾರ್ಟ್ ಅವರ ನೆನಪಿಗೆ. ಚಿಮ್ಮುಸನ್ನೆಯ ತೂತು ಮೂತ್ರಪಿಂಡದ ಆಕಾರದಲ್ಲಿದ್ದರೆ 1933ರ ಈಚಿನದು. ಹಿತ್ತಾಳೆ ಚಕ್ರದ ಜಾಗದಲ್ಲಿ ಗಟ್ಟಿ ರಬ್ಬರಿನದ್ದು ಇದ್ದರೆ ಯುದ್ಧಕಾಲದ್ದು, ಹಿತ್ತಾಳೆಯೆಲ್ಲ ಗುಂಡಿನ ಕವಚಕ್ಕೆ ಹೋಗಿತ್ತು. ನಂಬರು 6ರಿಂದ ಶುರುವಾಗಿ 604, 605 ಎಂದಿದ್ದರೆ ಮಾತ್ರ ಮುಖದ ಮೇಲೆ ಏನನ್ನೂ ತೋರಿಸದೆ ಹಣ ಕೊಟ್ಟುಬಿಡಿ. ಅದು ಬೆಡ್‌ರಾಕ್ ಸರಣಿ. ಲೀ-ನೀಲ್ಸನ್‌ನವರು ಈಗ ಅನುಸರಿಸುವ ಮಾದರಿ ಅದೇ.

ಅಲಗಿನ ಬೆನ್ನು ನೋಡದೆ ಕೊಳ್ಳಬಾರದು. ಮೇಲ್ಮೈಯ ತುಕ್ಕು ಭಯವಲ್ಲ, ಒಳಗಿಳಿದ ಗುಳಿ ಭಯ. ಅಂಚಿನ ಬಳಿಯೇ ಗುಳಿಯಿದ್ದರೆ ಎಷ್ಟು ಸಾಣೆ ಹಿಡಿದರೂ ಅಂಚು ಹಲ್ಲುಹಲ್ಲಾಗಿಯೇ ನಿಲ್ಲುತ್ತದೆ. ಉಳಿಗಳಿಗೂ ಇದೇ ಲೆಕ್ಕ. ಹಿಡಿ ಮುರಿದಿದ್ದರೆ ಚೌಕಾಶಿಗೆ ಅನುಕೂಲ, ಹಿಡಿ ಮಾಡಿಕೊಳ್ಳುವುದು ಮರಗೆಲಸದವನಿಗೆ ಕಷ್ಟವೇ?

ಗರಗಸಕ್ಕೆ ಬಂದರೆ ಫಿಲಡೆಲ್ಫಿಯಾದ ಡಿಸ್ಟನ್. ಹೆನ್ರಿ ಡಿಸ್ಟನ್ ಇಂಗ್ಲೆಂಡಿನಿಂದ 1833ರಲ್ಲಿ ಬಾಲಕನಾಗಿ ಬಂದವರು, 1840ರಲ್ಲಿ ಸ್ವಂತ ಗರಗಸ ಕಾರ್ಖಾನೆ ಆರಂಭಿಸಿದರು. ಮುಂದೆ ಟಕೋನಿ ಎಂಬಲ್ಲಿ ಕೆಲಸಗಾರರಿಗೆಂದೇ ಬಡಾವಣೆ ಕಟ್ಟಿಸಿ, ಅಲ್ಲಿ ಹೆಂಡದಂಗಡಿ ಇರಕೂಡದೆಂದು ಜಮೀನಿನ ಪತ್ರದಲ್ಲೇ ಬರೆಸಿದರು. ಗರಗಸದ ಸಾಹುಕಾರನಿಗೆ ಕೈ ನಡುಗದ ಕೆಲಸಗಾರ ಬೇಕಲ್ಲ! ಅವರ ಡಿ-8 ಗರಗಸ 1874ರದ್ದು. ಬೆನ್ನು ಸ್ವಲ್ಪ ಒಳಬಾಗಿರುವುದು ಗುರುತು, ಹಿಡಿ ಸೇಬಿನ ಮರದ್ದು, ಅಂಗೈಗೆ ಅಳತೆ ತೆಗೆದಂತೆ ಕೂರುತ್ತದೆ. ಹಿಡಿಯ ಮೇಲಿನ ಹಿತ್ತಾಳೆ ಬಿಲ್ಲೆಯ ಅಕ್ಷರಗಳಿಂದ ಕಾಲ ಹೇಳಬಹುದು. ಬರೀ ಹದ್ದಿನ ಚಿತ್ರವಿದ್ದು ‘ವಾರಂಟೆಡ್ ಸುಪೀರಿಯರ್’ ಎಂದಿದ್ದರೆ ಅದು ಯಾರಾದರೂ ಮಾಡಿರಬಹುದಾದ ಸಾಧಾರಣ ಸರಕು. ಕಂಪನಿಯನ್ನು 1955ರಲ್ಲಿ ಮಾರಿದ ಮೇಲಿನ ಡಿಸ್ಟನ್‌ಗಳನ್ನು ನಾನಂತೂ ಎತ್ತಿಯೂ ನೋಡುವುದಿಲ್ಲ. ಗರಗಸವನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಹಲ್ಲಿನ ಸಾಲು ನೆಟ್ಟಗಿದೆಯೇ ನೋಡಿದರೆ ಸಾಕು. ಮೊಂಡಾಗಿದ್ದರೆ ಮೂರುಮೂಲೆಯ ಅರ ಇದೆ, ಸೊಟ್ಟಗಾಗಿದ್ದರೆ ಮದ್ದು ಸುಲಭವಲ್ಲ.

ಮರಗೆಲಸ ಬಿಟ್ಟು ಲೋಹದ ಕೆಲಸದವರ ನೆಲಮಾಳಿಗೆ ಸಿಕ್ಕರೆ ಅದೃಷ್ಟವೇ ಬೇರೆ. ಮೆಸಾಚುಸೆಟ್ಸ್‌ನ ಆಥೋಲ್‌ನಲ್ಲಿ 1880ರಲ್ಲಿ ಶುರುವಾದ ಸ್ಟ್ಯಾರೆಟ್ ಕಂಪನಿಯ ಮೂಲೆಮಟ್ಟ ನೂರು ವರ್ಷವಾದರೂ ಕೋನ ತಪ್ಪಿರುವುದಿಲ್ಲ. ಓಹಾಯೊದ ಗರ್ಸ್ಟ್ನರ್ ಕಂಪನಿಯ ಓಕ್ ಪೆಟ್ಟಿಗೆ, ಹಸಿರು ಬಟ್ಟೆ ಹೊದಿಸಿದ ಪುಟ್ಟ ಡ್ರಾಯರುಗಳು, ಒಂದೊಂದರಲ್ಲೂ ಎಣ್ಣೆ ಕಾಗದ ಸುತ್ತಿದ ಅಳತೆಯ ಸಾಮಾನು. ಇಂಥದ್ದು ಮೊದಲ ಅರ್ಧ ಗಂಟೆಯಲ್ಲೇ ಮಾಯ.

ಬೇಟೆಗಾರರಲ್ಲಿ ಎರಡು ಪಂಗಡ. ಒಂದು, ಕೆಲಸಕ್ಕೆ ಕೊಳ್ಳುವವರು. ಇನ್ನೊಂದು, ಕಪಾಟಿಗೆ ಕೊಳ್ಳುವವರು. ಸಂಗ್ರಾಹಕರಿಗೆ ಹಳೆಯ ಸಂಘಗಳೇ ಇವೆ. ಅರ್ಲಿ ಅಮೆರಿಕನ್ ಇಂಡಸ್ಟ್ರೀಸ್ ಅಸೋಸಿಯೇಷನ್ 1933ರದ್ದು. ಯಾವ ಹತ್ತರಿ ಯಾವ ವರ್ಷದ್ದೆಂದು ನಾವು ಇಂದು ಬಾಯಿಪಾಠ ಒಪ್ಪಿಸುವುದು ಅಂಥವರು ಕೂತು ಮಾಡಿದ ಕೆಲಸದಿಂದಲೇ. ಅಷ್ಟು ಋಣ ಒಪ್ಪಿಕೊಂಡೂ ನನ್ನ ಮನಸ್ಸು ಮೊದಲ ಪಂಗಡದ ಕಡೆಗೇ. ಸ್ಟಾನ್ಲಿ ನಂಬರ್ 1 ಎಂಬ ಪುಟಾಣಿ ಹತ್ತರಿ ಇದೆ, ಬರೀ 5.5 ಇಂಚು. ದೊಡ್ಡವರ ಕೈಗೆ ಸರಿಯಾಗಿ ಕೂರುವುದೂ ಇಲ್ಲ. ಅದಕ್ಕೆ ಸಾವಿರ ಡಾಲರಿಗೂ ಮೇಲೆ ಬೆಲೆ, ಅದರ ನಕಲಿಗಳೂ ಓಡಾಡುತ್ತವೆ. ಅದೇ ಊರಿನ, ಅದೇ ಎರಕದ ನಂಬರ್ 5 ಯಾವ ಕೆಲಸಕ್ಕೂ ಸೈ, 15 ಡಾಲರಿಗೂ ಕೇಳುವವರಿಲ್ಲ. ಅಪರೂಪಕ್ಕೂ ಉಪಯೋಗಕ್ಕೂ ಇಷ್ಟು ವೈರ ಬೇರೆಲ್ಲೂ ಕಂಡಿಲ್ಲ.

ಚೌಕಾಶಿಗೂ ಒಂದು ಮರ್ಯಾದೆಯುಂಟು. ಎಸ್ಟೇಟ್ ಸೇಲ್‌ನ ಮೊದಲ ದಿನ ಬೆಲೆ ಇಳಿಸುವುದು ಕಷ್ಟ, ಕೊನೆಯ ದಿನ ಸಾಮಾನ್ಯವಾಗಿ ಅರ್ಧ. ಒಂದೊಂದನ್ನೇ ಕೇಳುವ ಬದಲು ಹತ್ತಾರು ಸಾಮಾನು ಬಕೆಟ್ಟಿಗೆ ತುಂಬಿ ‘ಇಡಿಯಾಗಿ ಎಷ್ಟು’ ಎಂದರೆ ಕೆಲಸ ಹಗುರ. ಆದರೆ ಗರಾಜ್ ಸೇಲ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತವಳು ಸತ್ತವನ ಹೆಂಡತಿಯೇ ಆಗಿದ್ದರೆ? ಬೆಲೆಯುಳ್ಳ ವಸ್ತುವೊಂದನ್ನು ಅವಳು ಎರಡು ಡಾಲರ್ ಎಂದರೆ? ಕಂಪನಿ ನಡೆಸುವ ಮಾರಾಟದಲ್ಲಿ ಬಾಯಿ ಮುಚ್ಚಿಕೊಂಡಿರುವುದು ತಪ್ಪಲ್ಲ, ಬೆಲೆ ತಿಳಿದಿರಬೇಕಾದದ್ದು ಅವರ ವೃತ್ತಿ. ಒಂಟಿ ಮುದುಕಿಯ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಶುದ್ಧ ಕಳ್ಳತನ. ಹೇಳಿಬಿಟ್ಟರೆ ಎಷ್ಟೋ ಸಲ ‘ನಿನಗೆ ಅದರ ಬೆಲೆ ಗೊತ್ತು, ನೀನೇ ಇಟ್ಟುಕೋ’ ಎಂದು ಅದೇ ಎರಡು ಡಾಲರಿಗೆ ಕೊಟ್ಟುಬಿಡುತ್ತಾರೆ. ಜೊತೆಗೆ ಅರ್ಧ ಗಂಟೆ ಗಂಡನ ಕಥೆ ಬಿಟ್ಟಿ.

ಮನೆಗೆ ತಂದ ಮೇಲೆ ತುಕ್ಕಿನ ಶ್ರಾದ್ಧ. ಎಮರಿ ಕಾಗದ ಹಿಡಿದು ಉಜ್ಜುವವರಿದ್ದಾರೆ. ತುಕ್ಕಿನೊಂದಿಗೆ ಒಳ್ಳೆಯ ಲೋಹವೂ ಹೋಗುತ್ತದೆ, ಹಳೆಯ ಮುದ್ರೆಗಳೂ ಅಳಿಸುತ್ತವೆ. ವಿದ್ಯುತ್ತಿನ ದಾರಿ ಮೇಲು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಗ್ಯಾಲನ್ನಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ. ಮರದ ಭಾಗಗಳನ್ನೆಲ್ಲ ಬಿಚ್ಚಿ, ಕಬ್ಬಿಣವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೆ ಕಟ್ಟಿ ಇಳಿಬಿಡಬೇಕು. ಧನ ತುದಿಗೆ ಬೇಡವಾದ ಕಬ್ಬಿಣದ ತುಂಡು. ಎರಡೂ ಒಂದಕ್ಕೊಂದು ತಾಗಬಾರದು. ಸ್ವಿಚ್ ಹಾಕಿದ ನಿಮಿಷದಲ್ಲಿ ಹತ್ತರಿಯ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಗಂಟೆಗಳು ಕಳೆದಂತೆ ನೀರಿನ ಮೇಲೆ ಕೊಳಕು ಕೆಂಪು ನೊರೆ. ಬೆಳಿಗ್ಗೆ ತೆಗೆದರೆ ತುಕ್ಕು ಕಪ್ಪು ಮಸಿಯಾಗಿ ಮಾರ್ಪಟ್ಟಿರುತ್ತದೆ, ಬ್ರಷ್ಷಿಗೆ ಬಿಟ್ಟುಕೊಡುತ್ತದೆ, ಕೆಳಗಿನ ಅಕ್ಷರ ಅಕ್ಷರವೂ ಸ್ಪಷ್ಟ. ಕೂಡಲೇ ಒರೆಸಿ ಎಣ್ಣೆ ಹಚ್ಚದಿದ್ದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ಎರಡು ಎಚ್ಚರಿಕೆ ಮರೆಯಬಾರದು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಗುಳ್ಳೆಯಲ್ಲಿ ಹೈಡ್ರೋಜನ್ ಇರುವುದರಿಂದ ಬಕೆಟ್ ಬಯಲಲ್ಲಿರಲಿ.

ಕನ್ನಡಿಗರಲ್ಲೂ ಈ ಹುಚ್ಚು ಹಿಡಿದವರಿದ್ದಾರೆ. ದಿನವಿಡೀ ಕೋಡ್ ಬರೆದು, ಸಂಜೆ ಗರಾಜಿನಲ್ಲಿ ಮರ ಕೀಸುವವರು. ಅಂಥವರಿಗೆ ಮೆಸಾಚುಸೆಟ್ಸ್‌ನ ಬ್ರಿಮ್‌ಫೀಲ್ಡ್ ಜಾತ್ರೆಯಿದ್ದಂತೆ. 1959ರಿಂದ ನಡೆದುಬಂದ ಈ ಹಳೆ ಸಾಮಾನಿನ ಸಂತೆ ಮೇ, ಜುಲೈ, ಸೆಪ್ಟೆಂಬರಿನಲ್ಲಿ ಸೇರುತ್ತದೆ. ಇನ್ನೂ ಹುಚ್ಚಿದ್ದರೆ ಆಗಸ್ಟ್ ಮೊದಲ ವಾರದ ಹೈವೇ 127ರ ಸೇಲ್. ಮಿಷಿಗನ್‌ನಿಂದ ಅಲಬಾಮದವರೆಗೆ 690 ಮೈಲಿ ರಸ್ತೆಯುದ್ದಕ್ಕೂ ಅಂಗಳ ಅಂಗಳದಲ್ಲಿ ಮಾರಾಟ, 1987ರಿಂದ ನಡೆದಿದೆ. ಅಷ್ಟನ್ನೂ ಸುತ್ತುತ್ತೇನೆಂದು ಹೊರಟವನ ಹೆಂಡತಿ ಜೊತೆಗಿದ್ದರೆ ಹಿಂದಿನ ಸೀಟು ಖಾಲಿಯಿರಬೇಕೆಂಬ ಒಪ್ಪಂದ ಮೊದಲೇ ಮಾಡಿಕೊಳ್ಳುವುದು ಕ್ಷೇಮ.

ಊರಿಗೆ ತರುವ ಆಸೆಯಿದ್ದರೆ ಒಂದು ತೊಡಕಿದೆ. ಹಳೆಯ ಸ್ಟಾನ್ಲಿಗಳ ಹಿಡಿ ಬಹುಪಾಲು ಬ್ರೆಜಿಲ್‌ನ ರೋಸ್‌ವುಡ್. ನಮ್ಮ ಬೀಟೆಯ ದಾಯಾದಿಯೇ, ಎರಡೂ ಡಾಲ್ಬರ್ಜಿಯಾ ಕುಲದವು. ಬ್ರೆಜಿಲ್‌ನ ಮರ 1992ರಿಂದ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಕಾಗದಪತ್ರವಿಲ್ಲದೆ ಗಡಿ ದಾಟಿಸುವಂತಿಲ್ಲ. ಹಾಗಾಗಿ ಹಿಡಿಯನ್ನು ಅಲ್ಲೇ ಬಿಚ್ಚಿಟ್ಟು ಕಬ್ಬಿಣವನ್ನಷ್ಟೇ ತನ್ನಿ. ಊರಿನ ಬಡಗಿಯ ಹತ್ತಿರ ಹಳೆ ಬಾಗಿಲಿನ ಬೀಟೆ ತುಂಡೋ ಹಲಸೋ ಇದ್ದೇ ಇರುತ್ತದೆ, ಹಿಡಿ ಮಾಡಿಕೊಡುತ್ತಾನೆ. ನಂಬರ್ 5 ಎರಡು ಕಿಲೊ ತೂಗುತ್ತದೆ. ಚಾಕೊಲೇಟು ಕಡಿಮೆ ಮಾಡಿ. ಅಲಗು ಬೇರೆ ಸುತ್ತಿ, ಎಲ್ಲವನ್ನೂ ದೊಡ್ಡ ಪೆಟ್ಟಿಗೆಗೇ ಹಾಕಿ, 7 ಇಂಚಿಗಿಂತ ಉದ್ದದ ಉಪಕರಣವನ್ನು ಅಮೆರಿಕದ ವಿಮಾನ ಭದ್ರತೆಯವರು ಕೈಚೀಲದಲ್ಲಿ ಬಿಡುವುದಿಲ್ಲ. ನಂಬರ್ 1 ಆ ಅಳತೆಯೊಳಗೇ ಬರುತ್ತದೆ ನಿಜ. ಆದರೆ ಅದನ್ನು ಕೊಂಡವನ ಬಳಿ ಟಿಕೆಟ್ಟಿಗೆ ದುಡ್ಡು ಉಳಿದಿರಬೇಕಲ್ಲ!