ಅನಿಲ ಘಟಕದ ಅಗೋಚರ ಪಾಲುದಾರರು

ಕಮಲಾಪುರದ ಬಾಳೆ ತೋಟಗಳು, ಕಂಪ್ಲಿಯ ಅಕ್ಕಿ ಗಿರಣಿಗಳು, ಹಂಪಿಯ ಪ್ರವಾಸಿಗರನ್ನು ನಂಬಿದ ಹೊಸಪೇಟೆಯ ಹೋಟೆಲುಗಳು, ಸಂಡೂರಿನ ಗಣಿ ಕ್ಯಾಂಟೀನುಗಳು - ಇವೆಲ್ಲವುಗಳಿಂದ ದಿನನಿತ್ಯ ತ್ಯಾಜ್ಯ ಹೊರಬೀಳುತ್ತದೆ. ಅದರಲ್ಲಿ ಕೊಳೆಯುವ ಭಾಗವನ್ನು ಹಣ ತೆತ್ತು ಸಾಗಿಸುವ ಬದಲು ಜೈವಿಕ ಅನಿಲವಾಗಿಸಿ ಇಂಧನ ವೆಚ್ಚ ತಗ್ಗಿಸುವ ಆಲೋಚನೆ ಸ್ವಾಗತಾರ್ಹವೇ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸತತ್’ ಯೋಜನೆಯು ಸಂಕುಚಿತ ಜೈವಿಕ ಅನಿಲಕ್ಕೆ ತೈಲ ಕಂಪನಿಗಳ ಮೂಲಕ ಮಾರುಕಟ್ಟೆಯ ದಾರಿಯನ್ನೂ ತೆರೆಯಿತು. ಆದರೆ ಬಂಡವಾಳ ಹೂಡಿದ ಮಾತ್ರಕ್ಕೆ ಅನಿಲ ದೊರೆಯದು. ಡೈಜೆಸ್ಟರ್ ಎಂಬುದು ಕೇವಲ ತೊಟ್ಟಿಯಲ್ಲ. ಸೂಕ್ಷ್ಮಜೀವಿಗಳ ಪಾಲುದಾರಿಕೆ ಸಂಸ್ಥೆ.

ನಾಲ್ಕು ಹಂತಗಳ ಉತ್ಪಾದನೆ

ಮೊದಲ ಗುಂಪಿನ ಬ್ಯಾಕ್ಟೀರಿಯಾಗಳು ಪಿಷ್ಟ, ಪ್ರೋಟೀನು, ಕೊಬ್ಬುಗಳನ್ನು ಒಡೆದು ನೀರಿನಲ್ಲಿ ಕರಗಿಸುತ್ತವೆ. ಎರಡನೆಯವು ಅದರಿಂದ ಆಮ್ಲ ಮತ್ತು ಮದ್ಯಸಾರ ತಯಾರಿಸುತ್ತವೆ. ಮೂರನೆಯವು ಇವನ್ನು ಅಸಿಟಿಕ್ ಆಮ್ಲ ಹಾಗೂ ಜಲಜನಕವಾಗಿ ಮಾರ್ಪಡಿಸುತ್ತವೆ. ಕೊನೆಗೆ ಆರ್ಕಿಯಾ ಎಂಬ ಪ್ರತ್ಯೇಕ ವರ್ಗದ ಜೀವಿಗಳು ಮೀಥೇನ್ ನೀಡುತ್ತವೆ. ಒಬ್ಬರ ತ್ಯಾಜ್ಯವೇ ಮತ್ತೊಬ್ಬರ ಕಚ್ಚಾವಸ್ತು.

ಈ ಅವಲಂಬನೆ ಎಷ್ಟು ಗಾಢವೆಂಬುದಕ್ಕೆ 1967ರ ಶೋಧನೆಯೊಂದು ಸಾಕ್ಷಿ. ಮದ್ಯಸಾರದಿಂದ ಮೀಥೇನ್ ತಯಾರಿಸುವ ಒಂದೇ ಜೀವಿಯೆಂದು ಅಲ್ಲಿಯವರೆಗೆ ಭಾವಿಸಿದ್ದ ‘ಮೆಥನೊಬ್ಯಾಸಿಲಸ್ ಒಮೆಲಿಯಾನ್‌ಸ್ಕಿ’ ವಾಸ್ತವವಾಗಿ ಎರಡು ಜೀವಿಗಳ ಜೋಡಿಯೆಂದು ಅಮೆರಿಕದ ಬ್ರಯಾಂಟ್ ಮತ್ತು ಸಂಗಡಿಗರು ತೋರಿಸಿದರು. ಒಂದು ಜೀವಿ ಜಲಜನಕ ಬಿಡುತ್ತದೆ. ಇನ್ನೊಂದು ಅದನ್ನು ಒಡನೆಯೇ ಬಳಸುತ್ತದೆ. ಜಲಜನಕ ಶೇಖರವಾದರೆ ಮೊದಲನೆಯದರ ಕೆಲಸವೇ ನಿಲ್ಲುತ್ತದೆ. ಸರಕು ಎತ್ತುವ ಗಿರಾಕಿಯಿಲ್ಲದೆ ಗೋದಾಮು ತುಂಬಿದ ಕಾರ್ಖಾನೆಯ ಸ್ಥಿತಿಯೂ ಇದೇ ಅಲ್ಲವೇ?

ಹುಳಿಯೇರಿದರೆ ನಷ್ಟ

ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ಗಂಟೆಗಳಲ್ಲಿ ದ್ವಿಗುಣಗೊಂಡರೆ, ಮೀಥೇನ್ ಜೀವಿಗಳಲ್ಲಿ ಅನೇಕಕ್ಕೆ ದಿನಗಳೇ ಬೇಕು. ಹಬ್ಬ ಅಥವಾ ಪ್ರವಾಸಿ ಋತುವಿನಲ್ಲಿ ಅನ್ನ, ಹಣ್ಣುಗಳ ತ್ಯಾಜ್ಯವನ್ನು ಒಮ್ಮೆಲೇ ಸುರಿದರೆ ಆಮ್ಲವು ಬಳಕೆಗಿಂತ ವೇಗವಾಗಿ ಶೇಖರವಾಗುತ್ತದೆ. ತಟಸ್ಥ ಮಟ್ಟವಾದ 7ರ ಆಸುಪಾಸಿನಲ್ಲಿರಬೇಕಾದ ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಮೀಥೇನ್ ಜೀವಿಗಳು ಸೊರಗುತ್ತವೆ. ಅನಿಲ ಬಂದರೂ ಉರಿಯದು.

ಆದುದರಿಂದ ಉದ್ಯಮಿಗಳು ಗಮನಿಸಬೇಕಾದ ಅಂಶಗಳಿವು: ಸಗಣಿ ಬಗ್ಗಡದಿಂದ ಘಟಕವನ್ನು ಆರಂಭಿಸಿ, ತ್ಯಾಜ್ಯದ ಪ್ರಮಾಣವನ್ನು ವಾರಗಳ ಅವಧಿಯಲ್ಲಿ ಹಂತಹಂತವಾಗಿ ಹೆಚ್ಚಿಸುವುದು, ಫಿನಾಯಿಲ್, ಬ್ಲೀಚಿಂಗ್ ಪೌಡರ್ ಬೆರೆತ ನೀರನ್ನು ದೂರವಿಡುವುದು, ನಿತ್ಯ ಪಿಎಚ್ ದಾಖಲಿಸುವುದು, ಹುಳಿಯೇರಿದರೆ ತ್ಯಾಜ್ಯ ಹಾಕುವುದನ್ನು ನಿಲ್ಲಿಸಿ, ಸುಣ್ಣ ಹಾಗೂ ತಾಜಾ ಬಗ್ಗಡದಿಂದ ಸರಿಪಡಿಸುವುದು.

ಲೆಕ್ಕಪತ್ರದ ದೃಷ್ಟಿಯಿಂದಲೂ ಇದು ಮುಖ್ಯ. ಮೊದಲ ತಿಂಗಳಿನಿಂದಲೇ ಪೂರ್ಣ ಅನಿಲ ದೊರೆಯುವುದೆಂದು ಭಾವಿಸಿ ಬ್ಯಾಂಕ್ ಸಾಲದ ಕಂತು ನಿಗದಿಪಡಿಸಿಕೊಂಡರೆ ದುಡಿಯುವ ಬಂಡವಾಳಕ್ಕೆ ಕೊರತೆ ತಪ್ಪದು. ಯೋಜನಾ ವರದಿಯಲ್ಲಿ ಆರಂಭಿಕ ಅವಧಿಯ ವೆಚ್ಚಕ್ಕೂ, ತ್ಯಾಜ್ಯದ ಋತುಮಾನದ ಏರಿಳಿತಕ್ಕೂ ಅವಕಾಶವಿರಲಿ. ಹೊರಬರುವ ಬಗ್ಗಡವನ್ನು ಗೊಬ್ಬರವಾಗಿ ಮಾರಿದರೆ ಆ ಆದಾಯವನ್ನು ಪ್ರತ್ಯೇಕವಾಗಿ ದಾಖಲಿಸುವುದು ಒಳಿತು. ಅತಿ ನಿಧಾನದ ಪಾಲುದಾರನ ವೇಗಕ್ಕೆ ತಕ್ಕಂತೆ ನಡೆಸಿದ ಘಟಕವೇ ಲಾಭ ತರಬಲ್ಲದು.